ಸೂಲಿನ ಅತಿ ಸಣ್ಣ ನಾಯಿಮರಿ ಸೊರಗುತ್ತಿದೆಯೇ? ಲಕ್ಷಣ ನೋಡಿ ಕಾರಣ ಹುಡುಕುವ ಕ್ರಮ

ಒಂದು ಸೂಲಿನಲ್ಲಿ ಐದಾರು ಮರಿ ಹುಟ್ಟಿದರೆ ಅದರಲ್ಲೊಂದು ಪೀಚಲಾಗಿರುವುದು ಮಾಮೂಲು. ಪೀಚಲಾಗಿರುವುದೇ ಕಾಯಿಲೆಯಲ್ಲ. ಮೈ ಬೆಚ್ಚಗಿದ್ದು, ಮೊಲೆ ಗಟ್ಟಿಯಾಗಿ ಚೀಪುತ್ತಾ, ದಿನದಿನಕ್ಕೂ ತೂಕ ಏರಿಸಿಕೊಳ್ಳುತ್ತಿರುವ ಸಣ್ಣ ಮರಿಯನ್ನು ತಾಯಿಯ ಬಳಿಯೇ ಬಿಡಿ. ಅಯ್ಯೋ ಪಾಪ ಅಂತ ಅದನ್ನು ಎತ್ತಿ ತಂದು ಬಾಟಲಿ ಹಾಲು ಶುರುಮಾಡಿದರೆ ಇಲ್ಲದ ತೊಂದರೆ ಅಂಟಿಕೊಳ್ಳುತ್ತದೆ.

ನಿಜವಾಗಿಯೂ ಸೊರಗುತ್ತಿರುವ ಮರಿಯ ವಿಷಯದಲ್ಲಿ ಕ್ರಮ ತಪ್ಪಬಾರದು. ಮೊದಲು ಶಾಖ, ಆಮೇಲೆ ಗ್ಲೂಕೋಸ್, ಕೊನೆಗೆ ಹಾಲು. ಮರಿ ಅಳುತ್ತಿದೆ, ಹಸಿದಿರಬೇಕು ಎಂದು ತಣ್ಣಗಾದ ಮರಿಯ ಬಾಯಿಗೆ ಹಾಲು ಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮುಂದಿನದ್ದೆಲ್ಲ ಹುಟ್ಟಿದ ಮೊದಲ ಮೂರು ವಾರಕ್ಕೆ ಸಂಬಂಧಿಸಿದ್ದು.

ಕೈಯಲ್ಲಿರಬೇಕಾದ್ದು

1 ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮೆದು ತುದಿಯ ಡಿಜಿಟಲ್ ಥರ್ಮಾಮೀಟರ್, ರಬ್ಬರಿನ ಬಿಸಿನೀರಿನ ಬ್ಯಾಗ್, ಸೂಜಿ ತೆಗೆದ 1 ಮತ್ತು 2 ಮಿ.ಲೀ. ಸಿರಿಂಜ್, ಗ್ಲೂಕೋಸ್ ಪುಡಿ, ಹತ್ತಿ, ಚಿಕ್ಕ ಟಾರ್ಚ್. ತಕ್ಕಡಿ, ಟಾರ್ಚ್ ಬಿಟ್ಟರೆ ಉಳಿದದ್ದೆಲ್ಲ ಬೀದಿಯ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮರಿಗಳೆಲ್ಲ ಒಂದೇ ಬಣ್ಣದವಾಗಿದ್ದರೆ ಸಣ್ಣದರ ಹಿಂಗಾಲಿನ ಒಂದು ಉಗುರಿಗೆ ನೇಲ್ ಪಾಲಿಶ್ ಹಚ್ಚಿ ಗುರುತಿಟ್ಟುಕೊಳ್ಳಿ. ಕುತ್ತಿಗೆಗೆ ದಾರ ಕಟ್ಟಬೇಡಿ. ಮರಿ ದಿನೇದಿನೇ ದಪ್ಪವಾಗುತ್ತದೆ, ದಾರ ಹಾಗೇ ಇರುತ್ತದೆ.

ತಾಯಿ ಬೀದಿನಾಯಿಯಾಗಿದ್ದರೆ ಮೊದಲು ನಿಮ್ಮ ಸುರಕ್ಷತೆ ನೋಡಿಕೊಳ್ಳಿ. ಎಷ್ಟೇ ಪರಿಚಯದ ನಾಯಿಯಾದರೂ ಬಾಣಂತಿಯಾದಾಗ ಕಚ್ಚಬಹುದು. ದಿನಾ ಅನ್ನ ಹಾಕುವವರೊಬ್ಬರು ಅದಕ್ಕೆ ಸ್ವಲ್ಪ ದೂರದಲ್ಲಿ ಊಟ ಇಡಲಿ, ಆ ಹೊತ್ತಿನಲ್ಲಿ ಇನ್ನೊಬ್ಬರು ಮರಿಯನ್ನು ತೂಗಲಿ. ಕಚ್ಚಿದರೆ ಅಥವಾ ಹಲ್ಲು ತಾಗಿ ಗೀರಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಶುರುಮಾಡಿ. ಮರಿ ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯಿರಿ.

ತೂಕ ಏರುತ್ತಿಲ್ಲ

ಕಣ್ಣಿಗೆ ಏನೂ ಕಾಣಿಸದಿದ್ದಾಗಲೂ ತೊಂದರೆಯನ್ನು ಮೊದಲು ಹೇಳುವುದು ತಕ್ಕಡಿ. ಸ್ಟೀಲ್ ಡಬ್ಬಿಯೊಳಗೆ ಬಟ್ಟೆ ಹಾಸಿ, ತಕ್ಕಡಿಯನ್ನು ಸೊನ್ನೆಗೆ ತಂದು, ಮರಿಯನ್ನು ಅದರಲ್ಲಿ ಮಲಗಿಸಿ. ಮೊದಲ ವಾರ ದಿನಕ್ಕೆ ಎರಡು ಸಲ, ಆಮೇಲೆ ಒಂದು ಸಲ, ದಿನಾ ಅದೇ ಹೊತ್ತಿಗೆ ತೂಗಿ ಬರೆದಿಡಿ. ಸಣ್ಣದನ್ನು ಮಾತ್ರವಲ್ಲ, ಎಲ್ಲ ಮರಿಗಳನ್ನೂ ತೂಗಿ. ಎಲ್ಲವೂ ನಿಂತಲ್ಲೇ ನಿಂತಿದ್ದರೆ ತೊಂದರೆ ತಾಯಿಯ ಹಾಲಿನಲ್ಲಿದೆ. ಒಂದೇ ಒಂದು ನಿಂತಿದ್ದರೆ ತೊಂದರೆ ಆ ಮರಿಯಲ್ಲಿದೆ.

ಹುಟ್ಟಿದ ಮೊದಲ 24 ಗಂಟೆಯಲ್ಲಿ ಹತ್ತನೇ ಒಂದು ಭಾಗದೊಳಗೆ ತೂಕ ಇಳಿಯುವುದು ಸಹಜ. ಆಮೇಲೆ ದಿನಕ್ಕೆ ಹುಟ್ಟಿದ ತೂಕದ ಶೇ. 5ರಿಂದ 10ರಷ್ಟು ಏರಬೇಕು. 200 ಗ್ರಾಂ ಹುಟ್ಟಿದ ಮರಿಯಾದರೆ ದಿನಕ್ಕೆ 10ರಿಂದ 20 ಗ್ರಾಂ. ಹತ್ತು ಹನ್ನೆರಡು ದಿನಕ್ಕೆ ತೂಕ ಎರಡರಷ್ಟಾಗಬೇಕು. ಒಂದು ದಿನ ಏರದಿದ್ದರೆ ಎಚ್ಚರ. ಎರಡನೇ ದಿನವೂ ಏರದಿದ್ದರೆ, ಇಲ್ಲವೇ ಮೊದಲ ದಿನ ದಾಟಿದ ಮೇಲೆ ತೂಕ ಇಳಿದರೆ ಅಂದೇ ವೈದ್ಯರಿಗೆ ತೋರಿಸಿ. ಹುಟ್ಟುವಾಗಲೇ ಉಳಿದವುಗಳ ಸರಾಸರಿಗಿಂತ ಕಾಲುಭಾಗ ಕಡಿಮೆ ತೂಗುವ ಮರಿಯ ಮೇಲೆ ಇನ್ನೂ ಹೆಚ್ಚಿನ ಕಣ್ಣಿರಲಿ.

ತೂಕ ಏರದ್ದಕ್ಕೆ ಅತಿ ಸರಳ ಕಾರಣ ನೂಕುನುಗ್ಗಲು. ದೊಡ್ಡ ಮರಿಗಳು ಸಣ್ಣದನ್ನು ಮೊಲೆಯಿಂದ ತಳ್ಳುತ್ತವೆ. ದಪ್ಪ ಮರಿಗಳನ್ನು ಬೆಚ್ಚಗಿನ ಡಬ್ಬಿಯಲ್ಲಿ 15–20 ನಿಮಿಷ ಬೇರೆ ಇಟ್ಟು, ಹಾಲು ಚೆನ್ನಾಗಿ ಇಳಿಯುವ ಹಿಂದಿನ ಮೊಲೆಗಳಿಗೆ ಸಣ್ಣದನ್ನು ಹಚ್ಚಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿದರೆ ಎಷ್ಟೋ ಮರಿಗಳಿಗೆ ಬೇರೇನೂ ಬೇಕಾಗುವುದಿಲ್ಲ. ಹುಟ್ಟಿದ ಮೊದಲ ದಿನ ಇದು ಇನ್ನೂ ಮುಖ್ಯ: ಗಿಣ್ಣುಹಾಲಿನಲ್ಲಿರುವ ರೋಗನಿರೋಧಕ ಅಂಶ ಮರಿಯ ಕರುಳಿನಿಂದ ರಕ್ತಕ್ಕೆ ಸೇರುವುದು ಮೊದಲ 24 ಗಂಟೆಯೊಳಗೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಮರಿ ತಣ್ಣಗಿದೆ, ಗುಂಪಿನಿಂದ ದೂರ ಒಂಟಿಯಾಗಿ ಬಿದ್ದಿದೆ

ಮೊದಲ ವಾರ ಮರಿಗೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮೈ ಸಣ್ಣದಾದಷ್ಟೂ ಶಾಖ ಬೇಗ ಸೋರುತ್ತದೆ, ಹಾಗಾಗಿ ಅದೇ ನೆಲದ ಮೇಲೆ ದೊಡ್ಡ ಮರಿ ತಡೆದುಕೊಳ್ಳುವ ಚಳಿಯನ್ನು ಪೀಚಲು ಮರಿ ತಡೆಯದು. ಬೆಂಗಳೂರಿನಲ್ಲಿ ಮಳೆಗಾಲ ಮುಗಿದ ಮೇಲೆ ಬೀದಿನಾಯಿಗಳು ಮರಿ ಹಾಕುವುದು ಹೆಚ್ಚು. ಡಿಸೆಂಬರ್–ಜನವರಿಯ ರಾತ್ರಿ ಇಲ್ಲಿ 15–16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಕಟ್ಟುತ್ತಿರುವ ಮನೆಯ ಸಿಮೆಂಟ್ ನೆಲ, ಗ್ಯಾರೇಜಿನ ಗ್ರಾನೈಟ್, ನಿಂತ ಕಾರಿನ ಅಡಿ ಎಲ್ಲವೂ ಮರಿಯ ಶಾಖ ಹೀರುತ್ತವೆ. ತಣ್ಣಗಾದ ಮರಿ ಚೀಪುವುದನ್ನು ಬಿಡುತ್ತದೆ. ತಾಯಿ ಅಂಥ ಮರಿಯನ್ನು ಪಕ್ಕಕ್ಕೆ ತಳ್ಳುವುದೂ ಉಂಟು. ಆಗ ತಾಯಿಗೆ ಬೈದು ಪ್ರಯೋಜನವಿಲ್ಲ. ಬೆಚ್ಚಗಾಗಿಸಿ ಹಿಂದಕ್ಕಿಟ್ಟರೆ ಎಷ್ಟೋ ಸಲ ಅದೇ ತಾಯಿ ನೆಕ್ಕಿ ಒಳಗೆ ಸೇರಿಸಿಕೊಳ್ಳುತ್ತದೆ.

ಮೊದಲು ನಿಮ್ಮ ಕಿರುಬೆರಳನ್ನು ಮರಿಯ ಬಾಯೊಳಗಿಡಿ. ಬಾಯಿ ತಣ್ಣಗಿದ್ದರೆ ಮೈಯೂ ತಣ್ಣಗಿದೆ. ಖಚಿತವಾಗಲು ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದೊಳಗೆ 1 ಸೆಂ.ಮೀ.ನಷ್ಟು ಮಾತ್ರ ಇಟ್ಟು ನೋಡಿ. ಮೊದಲ ವಾರ 35ರಿಂದ 37.2 ಡಿಗ್ರಿ ಸೆಲ್ಸಿಯಸ್ (95ರಿಂದ 99 ಫ್ಯಾರನ್‌ಹೀಟ್) ಸರಿ. ಎರಡು ಮೂರನೇ ವಾರಕ್ಕೆ ಅದು 36ರಿಂದ 37.8 ಆಗುತ್ತದೆ. 34.4ಕ್ಕಿಂತ (94 ಫ್ಯಾರನ್‌ಹೀಟ್) ಕೆಳಗಿದ್ದರೆ ಕರುಳಿನ ಚಲನೆಯೇ ನಿಂತಿರುತ್ತದೆ. ಆಗ ಹೋದ ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬುತ್ತದೆ, ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಹಾಲು ಬೇಡ ಎನ್ನುವುದು. ಮನುಷ್ಯರ ಥರ್ಮಾಮೀಟರ್ ಅಂಕಿಯ ಬದಲು ‘ಲೋ’ ಎಂದು ತೋರಿಸಿದರೆ ಸಾಮಾನ್ಯವಾಗಿ 32 ಡಿಗ್ರಿಗಿಂತ ಕೆಳಗಿದೆ ಎಂದರ್ಥ. ಬೆಚ್ಚಗೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

ಬೆಚ್ಚಗೆ ಮಾಡುವುದು ನಿಧಾನಕ್ಕೆ ಆಗಬೇಕು, ಗಂಟೆಗೆ ಸುಮಾರು 1 ಡಿಗ್ರಿಯಂತೆ. ಅತಿ ಸುರಕ್ಷಿತ ದಾರಿ ನಿಮ್ಮ ಮೈ: ಒದ್ದೆ ಮರಿಯಾದರೆ ಒರೆಸಿ ಒಣಗಿಸಿ, ಬಟ್ಟೆಯೊಳಗೆ ಎದೆಗೆ ತಾಗುವಂತೆ ಇಟ್ಟುಕೊಂಡು, ಮೂಗು ಮಾತ್ರ ಹೊರಗಿರುವಂತೆ ಶಾಲು ಹೊದ್ದು ಕೂರಿ. 15 ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಿ, ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಮೈಶಾಖ ನೋಡಿ. ಎರಡನೇ ದಾರಿ ರಟ್ಟಿನ ಡಬ್ಬಿ. ಅದರ ಅರ್ಧಕ್ಕೆ ಮಾತ್ರ, ಎರಡು ಸುತ್ತು ಟವೆಲ್ ಸುತ್ತಿದ ಬಿಸಿನೀರಿನ ಬ್ಯಾಗ್ ಇಡಿ. ಇನ್ನರ್ಧ ಬರಿದಾಗಿರಲಿ, ಸೆಕೆಯಾದರೆ ಮರಿ ಅತ್ತ ಹೊರಳಲಿ. ಟವೆಲ್ ಮೇಲೆ ನಿಮ್ಮ ಮುಂಗೈ ಒಳಭಾಗವನ್ನು ಒಂದು ನಿಮಿಷ ಒತ್ತಿ ನೋಡಿ, ಹಿತವಾಗಿದ್ದರೆ ಮಾತ್ರ ಮರಿಗೆ ಸರಿ. ನೀರು ಗಂಟೆ, ಒಂದೂವರೆ ಗಂಟೆಗೆ ಆರುತ್ತದೆ. ಆರಿದ ಬ್ಯಾಗ್ ಮರಿಯ ಶಾಖವನ್ನೇ ಎಳೆದುಕೊಳ್ಳುತ್ತದೆ, ಅಲಾರಂ ಇಟ್ಟುಕೊಂಡು ಬದಲಿಸಿ. ಬಲ್ಬ್ ಅಥವಾ ಹೀಟಿಂಗ್ ಪ್ಯಾಡ್ ಬಳಸುವವರೂ ಬಿಸಿನೀರಿನ ಬ್ಯಾಗನ್ನು ಪಕ್ಕದಲ್ಲಿಟ್ಟುಕೊಂಡಿರಿ. ಮಳೆ ಬಂತೆಂದರೆ ಕರೆಂಟ್ ಹೋಗುವುದು ಗೊತ್ತಿದ್ದದ್ದೇ.

ಬಿಸಿನೀರಿನಲ್ಲಿ ಅದ್ದುವುದು, ಹೇರ್ ಡ್ರೈಯರ್ ಹತ್ತಿರ ಹಿಡಿಯುವುದು, ಹೀಟಿಂಗ್ ಪ್ಯಾಡಿನ ಮೇಲೆ ನೇರವಾಗಿ ಮಲಗಿಸುವುದು, ಬಿಸಿಲಿಗಿಡುವುದು ಇವೆಲ್ಲ ಬೇಡ. ತಣ್ಣಗಾಗಿ ಬಳಲಿದ ಮರಿ ಸುಡುತ್ತಿದ್ದರೂ ಬೇಗ ಸರಿದು ಹೋಗಲಾರದು. ಬಾಯಿಗೆ ಬ್ರಾಂದಿ ಸವರುವ ಹಳೇ ಪದ್ಧತಿ ಖಂಡಿತ ಬೇಡ. ಅದು ಮೈಶಾಖವನ್ನೂ ರಕ್ತದ ಸಕ್ಕರೆಯನ್ನೂ ಇನ್ನಷ್ಟು ಇಳಿಸುತ್ತದೆ. ಮೊದಲ ವಾರ ಮರಿ ಮಲಗುವ ಜಾಗ 29ರಿಂದ 32 ಡಿಗ್ರಿ ಇರಬೇಕು, ಎರಡನೇ ವಾರ 26ರಿಂದ 29. ಎರಡು ಮೂರು ಗಂಟೆ ಸರಿಯಾಗಿ ಶಾಖ ಕೊಟ್ಟರೂ ಮೈ 35ಕ್ಕೆ ಏರದಿದ್ದರೆ ಒಳಗೆ ಬೇರೆ ಕಾಯಿಲೆ ಇದೆ, ಮನೆಯಲ್ಲಿ ಕಾಯಬೇಡಿ.

ಮೈ ಜೋಲು ಬಿದ್ದಿದೆ, ನಡುನಡುವೆ ಸೆಟೆಯುತ್ತದೆ, ಅಳುವೂ ಕ್ಷೀಣ

ನಿದ್ದೆಯಲ್ಲಿ ಮರಿಯ ಕಾಲು, ಮುಖ ಜುಮುಜುಮು ಅದುರುವುದು ಆರೋಗ್ಯದ ಗುರುತು. ಹಾಗೆ ಅದುರದೆ ಬಿದ್ದಿರುವ ಮರಿಯೇ ಚಿಂತೆಯದು. ಎಚ್ಚರಿಸಿದರೂ ಒದ್ದೆ ಬಟ್ಟೆಯಂತೆ ಅಂಗೈಯಿಂದ ಜೋತುಬಿದ್ದು, ತಲೆ ಎತ್ತಲಾಗದೆ, ನಡುನಡುವೆ ಸೆಟೆದುಕೊಂಡರೆ ರಕ್ತದಲ್ಲಿ ಸಕ್ಕರೆ ಇಳಿದಿದೆ ಎಂದುಕೊಳ್ಳಿ. ಪೀಚಲು ಮರಿಯ ಪಿತ್ತಜನಕಾಂಗದಲ್ಲಿ (ಲಿವರ್) ಕೂಡಿಟ್ಟ ಸಕ್ಕರೆ ತೀರಾ ಕಡಿಮೆ, ಕೆಲವು ಗಂಟೆ ಹಾಲಿಲ್ಲದಿದ್ದರೂ ಖಾಲಿಯಾಗುತ್ತದೆ.

ಕಾಯಿಸಿ ಆರಿಸಿದ 50 ಮಿ.ಲೀ. ನೀರಿಗೆ ಮಟ್ಟಸವಾದ 1 ಟೀ ಚಮಚ (ಸುಮಾರು 5 ಗ್ರಾಂ) ಗ್ಲೂಕೋಸ್ ಪುಡಿ ಬೆರೆಸಿ. ಬಣ್ಣ, ರುಚಿ ಸೇರಿಸಿದ ಪುಡಿ ಬೇಡ, ಸಾದಾ ಇರಲಿ. ಬೆರಳ ತುದಿಯಿಂದ ಎರಡು ಮೂರು ಹನಿ ಒಸಡಿಗೆ, ನಾಲಿಗೆಗೆ ಸವರಿ. ಹತ್ತು ನಿಮಿಷಕ್ಕೊಮ್ಮೆ ಮತ್ತೆ. ನುಂಗದ ಮರಿಯ ಬಾಯಿಗೆ ಸಿರಿಂಜಿನಿಂದ ಸುರಿಯಬಾರದು. ಮೈ ತಣ್ಣಗಿದ್ದರೂ ಸವರುವುದಕ್ಕೆ ಅಡ್ಡಿಯಿಲ್ಲ, ಶಾಖ ಕೊಡುತ್ತಲೇ ಮಾಡಿ. 20–30 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ, ಇಲ್ಲವೇ ಸೆಟೆತ ನಿಲ್ಲದಿದ್ದರೆ, ಡ್ರಿಪ್ ಮೂಲಕ ಡೆಕ್ಸ್‌ಟ್ರೋಸ್ ಬೇಕಾಗುತ್ತದೆ. ಅದು ವೈದ್ಯರ ಕೆಲಸ.

ಬೆಚ್ಚಗಿದೆ, ಆದರೂ ಮೊಲೆ ಹಿಡಿಯುತ್ತಿಲ್ಲ

ತೊಳೆದ ಕಿರುಬೆರಳನ್ನು ಬಾಯಿಗಿಡಿ. ನಾಲಿಗೆ ಸುರುಳಿ ಸುತ್ತಿ ಎಳೆದರೆ ಚೀಪುವ ಶಕ್ತಿ ಇದೆ. ಆಗ ತೊಂದರೆ ಮೊಲೆಯಲ್ಲಿರಬಹುದು: ತೊಟ್ಟು ದಪ್ಪವಾಗಿ ಸಣ್ಣ ಬಾಯಿಗೆ ಹಿಡಿಸದೆ ಇರಬಹುದು. ಎರಡು ಹನಿ ಹಾಲು ಹಿಂಡಿ ತೊಟ್ಟು ಮೆತ್ತಗೆ ಮಾಡಿ ಬಾಯಿಗಿಡಿ. ಹಿಡಿದು ಹಿಡಿದು ಬಿಟ್ಟರೆ ಟಾರ್ಚ್ ಹಾಕಿ ಅಂಗುಳ ನೋಡಿ. ನಡುವೆ ಉದ್ದಕ್ಕೆ ಸೀಳು ಕಂಡರೆ ಅದು ಹುಟ್ಟಿನಿಂದ ಬಂದ ಸೀಳು ಅಂಗುಳ. ಅಂಥ ಮರಿಗೆ ಬಾಟಲಿ ಹಾಲು ಹಾಕಬೇಡಿ, ಬಾಯಿಂದ ಹೊಟ್ಟೆಗೆ ಇಳಿಸುವ ನಳಿಕೆಯಿಂದಲೇ ಕುಡಿಸಬೇಕಾಗುತ್ತದೆ.

ಬೆರಳನ್ನು ಎಳೆಯುವ ಶಕ್ತಿಯೇ ಇಲ್ಲದಿದ್ದರೆ ಮನೆಯಲ್ಲಿ ಹಾಲು ಕುಡಿಸಲು ಹೋಗಬೇಡಿ. ನಳಿಕೆ ಹಾಕುವುದನ್ನು ವಿಡಿಯೋ ನೋಡಿ ಕಲಿಯುವಂತಿಲ್ಲ. ಅದು ಶ್ವಾಸನಾಳಕ್ಕೆ ಹೋದರೆ ಒಂದೇ ಸಲದ ಹಾಲಿಗೆ ಮರಿ ಸಾಯುತ್ತದೆ. ವೈದ್ಯರ ಎದುರು ಕೈಯಾರೆ ಮಾಡಿ ಕಲಿಯಿರಿ.

ಹಾಲು ಹಾಕಲೇಬೇಕಾಗಿದೆ: ಯಾವುದು, ಎಷ್ಟು

ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿನ ಎರಡರಷ್ಟಕ್ಕಿಂತ ಹೆಚ್ಚು, ಲ್ಯಾಕ್ಟೋಸ್ ಕಡಿಮೆ. ಶೇ. 3 ಕೊಬ್ಬಿನ ನಂದಿನಿ ನೀಲಿ ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಕುಡಿಸಿದರೆ ಮರಿಗೆ ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ, ಭೇದಿಯೂ ಶುರುವಾಗುತ್ತದೆ. ಮಕ್ಕಳ ಹಾಲಿನ ಪುಡಿಯೂ ಸರಿಹೊಂದದು. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ನಾಯಿಮರಿ ಹಾಲಿನ ಪುಡಿಯನ್ನೇ ತನ್ನಿ, ಡಬ್ಬದ ಮೇಲಿನ ಅಳತೆಯಂತೆಯೇ ಕಲಸಿ. ಗಟ್ಟಿ ಕಲಸಿದರೆ ಮಲಬದ್ಧತೆ, ತೆಳು ಕಲಸಿದರೆ ಹಸಿವು.

ರಾತ್ರಿ ಹನ್ನೊಂದಕ್ಕೆ ಎಲ್ಲೂ ಸಿಗಲಿಲ್ಲ ಎಂದಾದರೆ, ಬೆಳಗಿನವರೆಗೆ ಮಾತ್ರ: ಕೆನೆಯಿರುವ ಹಸುವಿನ ಅಥವಾ ಮೇಕೆಯ ಹಾಲು 120 ಮಿ.ಲೀ., ಕಾಯಿಸಿ ಆರಿಸಿದ ನೀರು 120 ಮಿ.ಲೀ., ಎರಡು ಮೊಟ್ಟೆಯ ಹಳದಿ ಭಾಗ, ಅಡುಗೆ ಎಣ್ಣೆ 1 ಟೀ ಚಮಚ. ಕಲಕಿ, ಸೋಸಿ, ಫ್ರಿಜ್ಜಿನಲ್ಲಿಟ್ಟು ಆಯಾ ಹೊತ್ತಿಗೆ ಬೇಕಾದಷ್ಟನ್ನೇ ಬಿಸಿಮಾಡಿ. ಮೊಟ್ಟೆಯ ಬಿಳಿ ಬೇಡ.

ಮೊದಲ ವಾರ 100 ಗ್ರಾಂ ತೂಕಕ್ಕೆ ದಿನಕ್ಕೆ 15ರಿಂದ 20 ಮಿ.ಲೀ. ಲೆಕ್ಕ. ಒಂದು ಸಲಕ್ಕೆ 100 ಗ್ರಾಂಗೆ 4 ಮಿ.ಲೀ. ಮೀರಬಾರದು, ಹೊಟ್ಟೆಯ ಅಳತೆಯೇ ಅಷ್ಟು. 180 ಗ್ರಾಂ ಮರಿಗೆ ದಿನಕ್ಕೆ 27ರಿಂದ 36 ಮಿ.ಲೀ.; ಎರಡರಿಂದ ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಸಲಕ್ಕೆ 3–4 ಮಿ.ಲೀ. ಬಳಲಿದ ಮರಿಗೆ ಮೊದಲ ದಿನ ಇದರ ಅರ್ಧದಿಂದ ಶುರುಮಾಡಿ. ಹಾಲು 37–38 ಡಿಗ್ರಿ ಇರಲಿ. ಮಣಿಕಟ್ಟಿಗೆ ಹನಿಸಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು.

ಮರಿಯನ್ನು ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ. ಟವೆಲ್ ಮೇಲೆ ಹೊಟ್ಟೆ ಅಡಿಗಾಗಿ, ತಲೆ ಸ್ವಲ್ಪ ಮೇಲಕ್ಕೆ, ತಾಯಿಯ ಮೊಲೆ ಚೀಪುವ ಭಂಗಿಯಲ್ಲೇ ಇರಲಿ. ನಿಪ್ಪಲ್ ತೂತು ಬಾಟಲಿ ಬೋರಲು ಹಾಕಿದಾಗ ಹನಿಹನಿಯಾಗಿ ತೊಟ್ಟಿಕ್ಕಬೇಕು, ಧಾರೆಯಾಗಿ ಬೀಳಬಾರದು. ಸಿರಿಂಜ್ ಆದರೆ ಹನಿ ಬಿಟ್ಟು, ನುಂಗಿದ್ದು ನೋಡಿ, ಆಮೇಲೆ ಮುಂದಿನ ಹನಿ.

ಮೂಗಿನಿಂದ ಹಾಲು ಬರುತ್ತಿದೆ

ತಕ್ಷಣ ನಿಲ್ಲಿಸಿ. ತಲೆ ತಗ್ಗಿಸಿ ಹಿಡಿದು ಮೂಗು ಬಾಯಿ ಒರೆಸಿ. ಮರಿಯನ್ನು ಬೀಸಿ ಜಾಡಿಸಬೇಡಿ. ಒಮ್ಮೆ ಮಾತ್ರ ಬಂದಿದ್ದರೆ ತೂತು ದೊಡ್ಡದಿರಬಹುದು, ನಿಮ್ಮ ಕೈ ಅವಸರ ಮಾಡಿರಬಹುದು. ಪ್ರತಿ ಸಲವೂ ಬಂದರೆ ಅಂಗುಳ ಮತ್ತೆ ನೋಡಿ. ಆಮೇಲೆ ಉಸಿರಾಟದಲ್ಲಿ ಗೊರಗೊರ ಶಬ್ದ, ಬಾಯಿ ತೆರೆದು ಉಸಿರೆಳೆಯುವುದು, ನಾಲಿಗೆ ನೀಲಿಗಟ್ಟುವುದು ಕಂಡರೆ ಶ್ವಾಸಕೋಶಕ್ಕೆ ಹಾಲು ಹೋಗಿದೆ. ಇದು ತುರ್ತು.

ಬಿಡದೆ ಕಿರುಚುತ್ತದೆ, ಹೊಟ್ಟೆ ಉಬ್ಬಿದೆ

ಹೊಟ್ಟೆ ತುಂಬಿ ಬೆಚ್ಚಗಿರುವ ಮರಿ ಸುಮ್ಮನೆ ಮಲಗುತ್ತದೆ. 15–20 ನಿಮಿಷ ಬಿಡದೆ ಅಳುವುದಕ್ಕೆ ಕಾರಣಗಳನ್ನು ಈ ಸಾಲಿನಲ್ಲಿ ನೋಡಿ: ಚಳಿ, ಹಸಿವು, ಮೂತ್ರ ಮಲ ಕಟ್ಟಿರುವುದು, ಇರುವೆ, ಕೊನೆಗೆ ಸೋಂಕು.

ಮೂರು ವಾರದವರೆಗೆ ಮರಿ ತಾನಾಗಿ ಮೂತ್ರ ಮಾಡುವುದಿಲ್ಲ, ತಾಯಿ ನೆಕ್ಕಿ ಮಾಡಿಸಬೇಕು. ತಾಯಿ ತಳ್ಳಿದ ಮರಿಗೆ ಆ ಕೆಲಸ ನಿಮ್ಮದು: ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪ್ರತಿ ಹಾಲಿನ ನಂತರ ಮೂತ್ರದ ಜಾಗ, ಗುದ ಎರಡನ್ನೂ ಮೆಲ್ಲಗೆ ಒತ್ತಿ ಒತ್ತಿ ಒರೆಸಿ. ಹತ್ತಿಯ ಮೇಲೆ ಬಿದ್ದ ಮೂತ್ರದ ಬಣ್ಣ ನೋಡಿ. ನೀರಿನಷ್ಟು ತಿಳಿಯಾಗಿದ್ದರೆ ಸರಿ. ಕಡು ಹಳದಿಯಾಗಿದ್ದರೆ ಮೈಯಲ್ಲಿ ನೀರಿನಂಶ ಸಾಲದು. ದೊಡ್ಡ ನಾಯಿಗೆ ಮಾಡುವಂತೆ ಚರ್ಮ ಎಳೆದು ನೋಡುವ ಪರೀಕ್ಷೆ ಇಷ್ಟು ಚಿಕ್ಕ ಮರಿಗೆ ನಂಬಿಕೆಗೆ ಬಾರದು. ಒಂದು ದಿನ ಕಳೆದರೂ ಮಲವಿಲ್ಲದೆ ಹೊಟ್ಟೆ ಬಿಗಿದಿದ್ದರೆ ಗುದದ ದ್ವಾರ ಇದೆಯೇ ನೋಡಿ, ಅದು ಮುಚ್ಚಿಕೊಂಡೇ ಹುಟ್ಟುವ ಮರಿಗಳೂ ಉಂಟು. ಗ್ರೈಪ್ ವಾಟರ್, ಮಕ್ಕಳ ಜ್ವರದ ಹನಿ ಯಾವುದನ್ನೂ ಹಾಕಬೇಡಿ.

ಹಳದಿ, ಮೆತ್ತನೆ ಮಲ ಸರಿ. ಹಸಿರುಹಳದಿ ನೀರಾದರೆ ಬಹುತೇಕ ಹಾಲು ಹೆಚ್ಚಾಗಿದೆ: ಮುಂದಿನ ಒಂದೆರಡು ಸಲ ಅರ್ಧ ನೀರು ಬೆರೆಸಿ ಕೊಡಿ. ಆದರೂ ನಿಲ್ಲದಿದ್ದರೆ, ಜೊತೆಗೆ ಅಳುವೂ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆ. ಒಂದರಿಂದ ಮೂರು ವಾರದ ಮರಿಗಳಿಗೆ ಬರುವ ಹರ್ಪಿಸ್ ವೈರಾಣು ಹೀಗೇ ಕಾಣಿಸಿಕೊಂಡು ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಅದು ತಂಪು ಮೈಯಲ್ಲೇ ಚೆನ್ನಾಗಿ ಬೆಳೆಯುವುದರಿಂದ ಉಳಿದ ಮರಿಗಳನ್ನೂ ಬೆಚ್ಚಗಿಡಿ.

ಒಸಡು ಬಿಳಿಚಿದೆ

ತುಟಿ ಎತ್ತಿ ನೋಡಿ. ಗುಲಾಬಿ ಬಣ್ಣವಿರಬೇಕು. ಬಿಳಿಚಿದ್ದರೆ ಮೊದಲು ಚಿಗಟ ಹುಡುಕಿ. 200 ಗ್ರಾಂ ಮರಿಯ ಮೈಯಲ್ಲಿರುವ ರಕ್ತವೇ ಸ್ವಲ್ಪ, ಚಿಗಟಗಳು ಹೀರಿದರೆ ಅದೂ ಉಳಿಯದು. ಹೇನು ಬಾಚಣಿಗೆಯಲ್ಲಿ ಬಾಚಿ ಸೋಪುನೀರಿಗೆ ಉದುರಿಸಿ, ಉಣ್ಣಿಗಳನ್ನು ಚಿಮಟದಿಂದ ತೆಗೆಯಿರಿ, ಹಾಸಿಗೆ ಬದಲಿಸಿ. ಪುಡಿ, ಸ್ಪ್ರೇ, ಬೆನ್ನಿಗೆ ಹಾಕುವ ಹನಿ ಯಾವುದೂ ಈ ವಯಸ್ಸಿಗಲ್ಲ. ತಾಯಿಗೆ ಯಾವುದು ಹಾಕಬಹುದೆಂದು ವೈದ್ಯರನ್ನೇ ಕೇಳಿ. ಚಿಗಟವಿಲ್ಲದೆ, ಮಲ ಟಾರಿನಂತೆ ಕಪ್ಪಗಿದ್ದರೆ ಕೊಕ್ಕೆಹುಳು ಇರಬಹುದು. ಅದು ತಾಯಿಯ ಹಾಲಿನಿಂದಲೇ ಬರುತ್ತದೆ. ಜಂತುಹುಳದ ಔಷಧಿ ಸಾಮಾನ್ಯವಾಗಿ ಎರಡನೇ ವಾರದಿಂದ ಶುರು, ಆದರೆ ಬಿಳಿಚಿದ ಮರಿಗೆ ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು.

ಹೊಕ್ಕುಳು ಕೆಂಪಾಗಿದೆ, ಮೈಮೇಲೆ ಇರುವೆ

ಹೊಕ್ಕುಳಬಳ್ಳಿಯ ತುದಿ ಎರಡು ಮೂರು ದಿನದಲ್ಲಿ ಒಣಗಿ ಉದುರಬೇಕು. ಅಲ್ಲಿಯವರೆಗೆ ದಿನಕ್ಕೊಮ್ಮೆ ಪೋವಿಡೋನ್ ಅಯೋಡಿನ್ ತಾಗಿಸಿ. ಸುತ್ತ ಕೆಂಪು, ಊತ, ಕೀವು, ವಾಸನೆ ಇದ್ದರೆ ಸೋಂಕು ಹೊಟ್ಟೆಯೊಳಗೆ ಇಳಿಯುವ ಮೊದಲು ತೋರಿಸಿ. ನೊಣ ಕೂತು ಹುಳು ಬಿದ್ದಿದ್ದರೆ ಟರ್ಪೆಂಟೈನ್ ಸುರಿಯಬೇಡಿ, ಇಷ್ಟು ಚಿಕ್ಕ ಮರಿಗೆ ಅದೇ ವಿಷ.

ಕೆಂಪಿರುವೆ ಹಾಲಿನ ವಾಸನೆಗೆ ಬರುತ್ತವೆ, ಸರಿಯಲಾಗದ ಸಣ್ಣ ಮರಿಯ ಕಣ್ಣು, ಗುದದ ಸುತ್ತ ಕಚ್ಚುತ್ತವೆ. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಇರುವೆ ಚಾಕ್ ಬೇಡ, ತಾಯಿ ಅದನ್ನು ನೆಕ್ಕುತ್ತದೆ. ಮರಿಯ ಮೈಮೇಲೆ ಚೆಲ್ಲಿದ ಹಾಲನ್ನು ಆಗಲೇ ಒರೆಸಿ ಒಣಗಿಸಿ.

ಎಲ್ಲ ಮರಿಗಳೂ ಸೊರಗುತ್ತಿವೆ: ತಾಯಿಯನ್ನು ನೋಡಿ

ಮೊಲೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ಸುಡುತ್ತಿದ್ದು ಹಾಲಿನಲ್ಲಿ ಕೀವು ಅಥವಾ ರಕ್ತ ಕಂಡರೆ ಮೊಲೆ ಬಾವು. ಕೆಟ್ಟ ವಾಸನೆಯ ಸ್ರಾವ, ಜ್ವರ, ಊಟ ಬಿಡುವುದು ಗರ್ಭಕೋಶದ ಸೋಂಕಿನ ಗುರುತು. ತಾಯಿ ಏದುಸಿರು ಬಿಡುತ್ತಾ, ನಡುಗುತ್ತಾ, ಕಾಲು ಸೆಟೆದು ತೂರಾಡಿದರೆ ರಕ್ತದಲ್ಲಿ ಸುಣ್ಣದಂಶ ಇಳಿದಿದೆ. ಮರಿಗಳನ್ನು ಬೇರೆ ಮಾಡಿ ಆ ಗಂಟೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ. ಸಣ್ಣ ತಳಿಯ ನಾಯಿಗಳಲ್ಲಿ, ಹೆತ್ತ ಮೊದಲ ನಾಲ್ಕು ವಾರದಲ್ಲಿ ಇದು ಹೆಚ್ಚು.

ಆಸ್ಪತ್ರೆಗೆ ಒಯ್ಯುವಾಗ

ಸೊರಗಿದ ಮರಿ ಗಂಟೆಗಳ ಲೆಕ್ಕದಲ್ಲಿ ಕೈಬಿಡುತ್ತದೆ, ರಾತ್ರಿಯಾದರೆ ಬೆಳಗ್ಗೆ ನೋಡೋಣ ಎನ್ನಬೇಡಿ. ರಾತ್ರಿ ತೆರೆದಿರುವ ಕ್ಲಿನಿಕ್ ನಿಮ್ಮ ಬಡಾವಣೆಗೆ ಹತ್ತಿರ ಯಾವುದಿದೆ ಎಂದು ಮರಿ ಹುಟ್ಟಿದ ದಿನವೇ ವಿಚಾರಿಸಿಟ್ಟುಕೊಳ್ಳಿ. ಹೆಚ್ಚಿನ ತಪಾಸಣೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸಮಯ ಕೇಳಿಕೊಂಡು ಹೊರಡಿ.

ಆಟೋದಲ್ಲಿ ಎರಡೂ ಕಡೆಯಿಂದ ಗಾಳಿ ಹೊಡೆಯುತ್ತದೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತರೆ ಮನೆಯಲ್ಲಿ ಕೊಟ್ಟ ಶಾಖವೆಲ್ಲ ಹೋಗುತ್ತದೆ. ಮುಚ್ಚಿದ ಡಬ್ಬಿಗೆ ಗಾಳಿಗಾಗಿ ನಾಲ್ಕೈದು ತೂತು ಮಾಡಿ, ಟವೆಲ್ ಸುತ್ತಿದ ಬಿಸಿನೀರಿನ ಬ್ಯಾಗ್ ಒಳಗಿಟ್ಟು, ಬದಲಿಸಲು ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ. ದಾರಿಯಲ್ಲಿ ಗ್ಲೂಕೋಸ್ ಸವರುತ್ತಿರಿ. ತೂಕ ಬರೆದ ಚೀಟಿ, ಕೊನೆಯ ಬಾರಿ ನೋಡಿದ ಮೈಶಾಖ, ಕೊನೆಗೆ ಹಾಲು ಕುಡಿದ ಹೊತ್ತು ಮತ್ತು ಎಷ್ಟು ಎಂಬುದು, ಮಲ ತಾಗಿದ ಹತ್ತಿ, ಇಷ್ಟನ್ನು ವೈದ್ಯರ ಮುಂದಿಡಿ. ತಾಯಿಯನ್ನೂ ಕರೆದೊಯ್ಯಲು ಸಾಧ್ಯವಾದರೆ ಒಳ್ಳೆಯದು. ಬೀದಿನಾಯಿಯಾಗಿ ಹಿಡಿಯಲು ಆಗದಿದ್ದರೆ ಅದರ ಮೊಲೆಗಳ ಸ್ಪಷ್ಟ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ.